ಮಂಜಿನಲ್ಲಿ ಮಾತಾಡದ ವ್ಯಾನು

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ, ಪಂಪು ತಯಾರಿಸುವ ಶೆಡ್ಡುಗಳ ಸಾಲು ಮುಗಿಯುವ ಕಡೆ, ‘ಗೋಪಾಲಸಾಮಿ ಆಟೋ ಎಲೆಕ್ಟ್ರಿಕಲ್ಸ್’ ಎಂದು ತಮಿಳಿನಲ್ಲಿ ಬರೆದ ತಗಡಿನ ಬೋರ್ಡೊಂದಿತ್ತು. ಬೋರ್ಡು ಗೋಪಾಲಸಾಮಿಯದೇ, ತಕರಾರಿಲ್ಲ. ಶೆಡ್ಡೂ ಅವನದೇ. ಡೈನಮೊ ಬಿಚ್ಚಿ ಸುರುಳಿ ಸುತ್ತುವುದರಲ್ಲಿ ಅವನನ್ನು ಮೀರಿಸುವವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಆದರೆ ಸ್ಟೀರಿಂಗಿನ ಕೆಳಗೆ ನುಸುಳಿ, ಅಂಗಾತ ಮಲಗಿ, ಬೆಳಕೇ ಕಾಣದ ಜಾಗದಲ್ಲಿ ವೈರು ಹುಡುಕುವ ಕೆಲಸಕ್ಕೆ ಅವನ ಹೊಟ್ಟೆ ಒಪ್ಪುತ್ತಿರಲಿಲ್ಲ. ಮದುವೆಯಾದ ಮೂರನೆಯ ವರ್ಷ ಒಂದು ಕಾರಿನೊಳಗೆ ಹಾಗೆ ಸಿಕ್ಕಿಹಾಕಿಕೊಂಡು, ಇಬ್ಬರು ಕಾಲು ಹಿಡಿದು ಹೊರಗೆಳೆದ ಮೇಲೆ, ಊಟ ತಂದಿದ್ದ ಹೆಂಡತಿ ಜಾನಕಿಯಮ್ಮ ನಗು ತಡೆದುಕೊಂಡು ಹೇಳಿದಳು: “ಯಾವ ವೈರು ಅಂತ ಬಾಯಲ್ಲಿ ಹೇಳಿ ಸಾಕು. ನಾನು ಒಳಗೆ ಹೋಗಿ ನೋಡ್ತೀನಿ.”

ಅಂದು ಒಳಗೆ ಹೋದವಳು ಹದಿನಾರು ವರ್ಷವಾದರೂ ಹೊರಗೆ ಬಂದಿರಲಿಲ್ಲ. ಮೊದಮೊದಲು ಲಾರಿಯವರು ಮೂಗು ಮುರಿದರು. ಹೆಂಗಸು ವಂಡಿಯ ಕೆಳಗೆ ಮಲಗುವುದೇ, ಸೀರೆ ಉಟ್ಟುಕೊಂಡು ಟೆಸ್ಟರು ಹಿಡಿಯುವುದೇ ಎಂದರು. ಆಮೇಲೆ ಅದೇ ಲಾರಿಯವರು ಬಂದು, ಗೋಪಾಲಸಾಮಿಯನ್ನು ಕಣ್ಣೆತ್ತಿಯೂ ನೋಡದೆ, “ಅಕ್ಕ ಇಲ್ಲವಾ?” ಎಂದು ಕೇಳತೊಡಗಿದರು. ಲೋಕದ ಮಾನ ಮರ್ಯಾದೆಯೆಲ್ಲ ಹೆಡ್‌ಲೈಟು ಉರಿಯುವ ತನಕ ಮಾತ್ರ.

ಜಾನಕಿಯಮ್ಮ ಹುಟ್ಟಿದ್ದು ಸೋಮನೂರಿನ ಹತ್ತಿರದ ನೇಕಾರರ ಕೇರಿಯಲ್ಲಿ. ಮನೆಮಾತು ಕನ್ನಡ, ಬೀದಿಯ ಮಾತು ತಮಿಳು, ಓದಿದ್ದು ಐದನೆಯ ತರಗತಿ, ಅದೂ ತಮಿಳಿನಲ್ಲೇ. ಕನ್ನಡ ಅಕ್ಷರವನ್ನು ಅವಳು ನೋಡಿದ್ದು ಮೈಸೂರಿನಿಂದ ಬರುವ ಬಸ್ಸುಗಳ ಹಣೆಯ ಮೇಲೆ ಮಾತ್ರ. ಆದರೆ ಏಳನೆಯ ವಯಸ್ಸಿಗೇ ಅವಳ ಬೆರಳಿಗೆ ಒಂದು ವಿದ್ಯೆ ಹತ್ತಿತ್ತು. ಮಗ್ಗದ ಮೇಲೆ ಹಾಸು ಮುಗಿಯುತ್ತ ಬಂದಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಬೇಕು. ಎರಡು ಸಾವಿರ, ಮೂರು ಸಾವಿರ ಎಳೆ. ಗಂಟು ಹಾಕುವ ಹಾಗಿಲ್ಲ, ಗಂಟು ಬಂದರೆ ಮಗ್ಗ ದಾಟುವುದಿಲ್ಲ. ಬರೀ ಹೊಸೆಯಬೇಕು. ಬೆವರಿದ ಬೆರಳು ಜಾರುತ್ತದೆಂದು ಪಕ್ಕದಲ್ಲಿ ತೆಂಗಿನ ಚಿಪ್ಪಿನ ತುಂಬ ಜರಡಿ ಹಿಡಿದ ಒಲೆಬೂದಿ ಇಟ್ಟುಕೊಂಡು, ಹೆಬ್ಬೆರಳು ತೋರುಬೆರಳನ್ನು ಅದರಲ್ಲಿ ಅದ್ದಿ, ಒಂದೇ ತಿರುವಿಗೆ ಹೊಸೆದು ಬಿಡುವುದು. ಅವ್ವ ಕಲಿಸಿದ್ದು ಇದನ್ನೇ. ಹಾಗೆ ಹೊಸೆದ ಎಳೆ ಎಳೆದರೂ ಬಿಡುವುದಿಲ್ಲ.

ಗಣಪತಿಯ ಶೆಡ್ಡಿಗೆ ಬಂದ ಮೇಲೂ ಅವಳ ಸಲಕರಣೆ ಪೆಟ್ಟಿಗೆಯಲ್ಲಿ ಕಟಿಂಗ್ ಪ್ಲೇಯರು, ಟೇಪಿನ ಪಕ್ಕದಲ್ಲಿ ಒಂದು ಪೌಡರ್ ಡಬ್ಬಿಯ ಮುಚ್ಚಳದ ತುಂಬ ಬೂದಿ ಇರುತ್ತಿತ್ತು. ತಾಮ್ರದ ಎಳೆಗಳನ್ನು ಬಿಡಿಸಿ, ಬೆರಳು ಅದ್ದಿ, ಒಂದೇ ತಿರುವು. ಗ್ರೀಸು ಹತ್ತಿದ ಬೆರಳಿಗೂ ಬೂದಿ ಹಿಡಿತ ಕೊಡುತ್ತಿತ್ತು. ಬೆಸುಗೆ ಹಾಕು ಎಂದು ಗಂಡ ಹೇಳಿದರೆ, “ಬಿಚ್ಚಿಕೊಂಡು ಬಂದ ನನ್ನ ಜಾಯಿಂಟು ಒಂದು ತೋರಿಸಿ, ಆಮೇಲೆ ಹಾಕ್ತೀನಿ,” ಎನ್ನುತ್ತಿದ್ದಳು. ಅವನು ತೋರಿಸಲಾರದೆ ತನ್ನ ಡೈನಮೊ ಕಡೆ ತಿರುಗುತ್ತಿದ್ದ. ಈ ಒಂದು ವಿಷಯದಲ್ಲಿ ಅವಳಿಗೆ ಸೊಕ್ಕು ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಎಂಬತ್ತೈದನೆಯ ಇಸವಿಯ ಫೆಬ್ರವರಿಯಲ್ಲಿ ವಾಲ್ಪಾರೈ ಕಡೆಯ ಒಂದು ಚಹಾ ತೋಟದವರು ತಮ್ಮ ನಾಲ್ಕು ಗಾಡಿಗಳಿಗೆ ವೈರ್‌ಲೆಸ್ ಸೆಟ್ಟು ಹಾಕಿಸಿದರು. ಒಂದು ಆಂಬುಲೆನ್ಸ್ ವ್ಯಾನು, ಎರಡು ಜೀಪು, ಒಂದು ಲಾರಿ. ತೋಟದ ಆಸ್ಪತ್ರೆಯಲ್ಲಿ ಒಂದು ದೊಡ್ಡ ಸೆಟ್ಟು. ಗುಡ್ಡದ ಯಾವ ತಿರುವಿನಲ್ಲಿದ್ದರೂ ಡ್ರೈವರು ಮೈಕಿನ ಗುಂಡಿ ಒತ್ತಿ ಮಾತಾಡಬಹುದು, ಗುಂಡಿ ಬಿಟ್ಟು ಕೇಳಿಸಿಕೊಳ್ಳಬಹುದು. ಸೆಟ್ಟು ಕೊಟ್ಟ ಕಂಪನಿಯ ಎಂಜಿನಿಯರು ಕೊನೆಗೆ ಬಂದು ಸಿಕ್ಕಿಸಿ ಹೋದ. ಬ್ಯಾಟರಿಯಿಂದ ಸೆಟ್ಟಿನ ತನಕ ವೈರು ಎಳೆಯುವ ಕೆಲಸ ಮಾತ್ರ ಗಣಪತಿಗೆ ಬಂತು. ಕಂಪನಿ ಕೊಟ್ಟ ವೈರು ಮೊಳ ಗಿಡ್ಡವಿತ್ತು. ಜಾನಕಿಯಮ್ಮ ನಾಲ್ಕೂ ಗಾಡಿಗಳಲ್ಲಿ ಬೇರೆ ವೈರು ಸೇರಿಸಿ, ಹೊಸೆದು, ಟೇಪು ಸುತ್ತಿ, ಕೆಲಸ ಮುಗಿಸಿದಳು. ತೋಟದ ಕೆಲಸವೆಂದರೆ ಆ ಸಾಲಿನಲ್ಲಿ ಎಲ್ಲರ ಕಣ್ಣೂ ಬೀಳುವಂಥದ್ದು. ಗೋಪಾಲಸಾಮಿ ಒಂದು ವಾರ ಎದೆಯುಬ್ಬಿಸಿ ಓಡಾಡಿದ.

ಆಗಸ್ಟಿನ ಮೊದಲ ಶನಿವಾರ ಬೆಳಿಗ್ಗೆ ಆ ವ್ಯಾನಿನ ಡ್ರೈವರು ಮಯಿಲ್‌ಸಾಮಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಉಡುಮಲೈ ಕಡೆಯ ಒಕ್ಕಲು ಮನೆಯವನು. ಅವನ ಮನೆಯಲ್ಲೂ ಕನ್ನಡವೇ. ಫೆಬ್ರವರಿಯಲ್ಲಿ ಅದು ಗೊತ್ತಾದಾಗ ಇಬ್ಬರೂ ವ್ಯಾನಿನ ನೆರಳಲ್ಲಿ ಕೂತು ಚಹಾ ಕುಡಿದಿದ್ದರು. ಈಗ ಮುಖ ಬಾಡಿತ್ತು. ವ್ಯಾನು ತಂದಿರಲಿಲ್ಲ, ಬಸ್ಸಿನಲ್ಲಿ ಬಂದಿದ್ದ.

“ಅಕ್ಕಾ, ನನ್ನ ವೇಲೆಯಿಂದ ನಿಲ್ಲಿಸಿಬುಟ್ಟಿದ್ದಾರೆ, ಈಗ ಕೆಲಸ ಇಲ್ಲ,” ಎಂದ. “ಸೋಮವಾರ ವಿಚಾರಣೆ. ತೆಗೆದುಹಾಕಿದ್ರೆ ತೋಟದವರು ಕೊಟ್ಟ ಲೈನ್ ಮನೆಯೂ ಬಿಡಬೇಕು. ಅದು ಹೋಗಲಿ. ಊರಲ್ಲಿ ನನ್ನ ಏನಂತಾರೆ ಗೊತ್ತಾ? ಮಗು ಕೊಂದವನು ಅಂತಾರೆ.”

ಜಾನಕಿಯಮ್ಮ ಕೈ ಒರೆಸಿಕೊಂಡು ಅವನನ್ನು ಕೂರಿಸಿದಳು. ಅವನು ಹೇಳಿದ್ದಿಷ್ಟು. ಹತ್ತು ದಿನದ ಹಿಂದೆ, ಜಡಿಮಳೆಯಲ್ಲಿ, ಒಬ್ಬ ರೋಗಿಯನ್ನು ಪೊಳ್ಳಾಚಿಗೆ ಬಿಟ್ಟು ಖಾಲಿ ವ್ಯಾನಿನಲ್ಲಿ ಘಟ್ಟ ಹತ್ತುತ್ತಿದ್ದ. ಕವರ್ಕಲ್ ಹತ್ತಿರ, ಮಂಜಿನಲ್ಲಿ, ಆಸ್ಪತ್ರೆಯಿಂದ ಕಾಂಪೌಂಡರ್ ಮಾತಾಡಿದ: ಕನ್ನಿಯಮ್ಮಾಳ್‌ಗೆ ಹೆರಿಗೆ ನೋವು, ರಕ್ತ ಹೋಗ್ತಾ ಇದೆ, ನೇರ ಹೋಗಿ ಕರಕೊಂಡು ಬಾ. ತೋಟದಲ್ಲಿ ಕನ್ನಿಯಮ್ಮಾಳ್ ಇಬ್ಬರು. ಕೂಲಿಯವರ ಮನೆಸಾಲುಗಳಲ್ಲಿ ಒಬ್ಬಳು ಮೂರನೆಯ ಲೈನಿನಲ್ಲಿ, ಒಬ್ಬಳು ಏಳನೆಯದರಲ್ಲಿ, ಇಬ್ಬರೂ ತುಂಬಿದ ಬಸುರಿಯರು. ಯಾವ ಲೈನು ಎಂದು ಕೇಳಲು ಮಯಿಲ್‌ಸಾಮಿ ಗುಂಡಿ ಒತ್ತಿದ. ಸೆಟ್ಟಿನ ದೀಪ ಆರಿಹೋಯಿತು. ಬಿಟ್ಟ, ದೀಪ ಬಂತು. ಮತ್ತೆ ಒತ್ತಿದ, ಮತ್ತೆ ಆರಿತು. ಏಳೆಂಟು ಸಲ ಹೀಗೇ. ಕೊನೆಗೆ ಮೂರನೆಯ ಲೈನಿಗೆ ಓಡಿಸಿದ. ನೋವು ಬಂದದ್ದು ಅಲ್ಲಿದ್ದವಳಿಗಲ್ಲ. ಏಳನೆಯ ಲೈನು ಮುಟ್ಟುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

“ಕಾಂಪೌಂಡರ್ ಏನು ಹೇಳಿಕೆ ಕೊಟ್ಟಿದ್ದಾನೆ ಗೊತ್ತಾ ಅಕ್ಕಾ? ಆಸ್ಪತ್ರೆಯಿಂದ ಮಾತಾಡಿದ್ದು ಡ್ರೈವರಿಗೆ ಕೇಳಿಸ್ತು, ಉತ್ತರ ಕೊಡದೆ ಟಿಕ್ ಟಿಕ್ ಅಂತ ಗುಂಡಿ ಒತ್ತಿ ಆಟ ಆಡ್ತಿದ್ದ ಅಂತ. ಎಲ್ಲೋ ನಿಲ್ಲಿಸಿ ಮಲಗಿದ್ದ ಅಂತ. ಆಮೇಲೆ ಕಂಪನಿಯವರು ಬಂದು ಮೀಟರು ಇಟ್ಟು ನೋಡಿದ್ರು. ಹನ್ನೆರಡು ವೋಲ್ಟು ಸರಿಯಾಗಿದೆ, ಸೆಟ್ಟು ಸರಿಯಾಗಿದೆ, ವೈರು ಸರಿಯಾಗಿದೆ ಅಂತ ಬರೆದುಕೊಟ್ಟುಬುಟ್ರು.”

“ಅವರು ನೋಡಿದ ದಿನ ಮಳೆ ಇತ್ತಾ?”

“ಇಲ್ಲ. ಅವತ್ತು ಒಳ್ಳೆ ಬಿಸಿಲು.”

ಗೋಪಾಲಸಾಮಿ ಕೈಯಲ್ಲಿದ್ದ ಡೈನಮೊ ಕೆಳಗಿಟ್ಟ. ಮಯಿಲ್‌ಸಾಮಿ ನೀರು ಕುಡಿಯಲು ಹೊರಗೆ ಹೋದಾಗ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: “ನೋಡು ಜಾನಕಿ. ಸೆಟ್ಟು ಕಂಪನಿಯದು. ಕಂಪನಿಯವನು ಸರಿ ಇದೆ ಅಂತ ಕೈ ತೊಳೆದುಕೊಂಡ. ಈಗ ನೀನು ಹೋಗಿ ಕೆದಕಿದ್ರೆ, ಉಳಿಯೋದು ವೈರು. ವೈರು ಯಾರದು?”

“ಗೊತ್ತು,” ಎಂದಳು ಜಾನಕಿಯಮ್ಮ. ಗೊತ್ತಿದ್ದೇ ಪೆಟ್ಟಿಗೆಗೆ ಒಂದು ಹೆಡ್‌ಲೈಟ್ ಬಲ್ಬು ಹಾಕಿಕೊಂಡಳು. ತನ್ನ ಜಾಯಿಂಟು ಬಿಟ್ಟಿರಲಾರದು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಆದರೆ ನಂಬಿಕೆ ಗಟ್ಟಿಯಿದೆ ಎಂದು ಕೈಕಟ್ಟಿ ಕೂರುವ ಜಾತಿ ಅವಳದಲ್ಲ. ದೀಪ ಆರಿದ್ದನ್ನು ಒಬ್ಬ ಮನುಷ್ಯ ಕಣ್ಣಾರೆ ನೋಡಿದ್ದಾನೆ. ದೀಪ ಸುಮ್ಮನೆ ಆರುವುದಿಲ್ಲ. ಎಲ್ಲೋ ಒಂದು ಕಡೆ ಕಾರಣ ಕೂತಿದೆ, ಅದನ್ನು ಹುಡುಕದೆ ಬಿಡುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

ಭಾನುವಾರ ಬೆಳಗಿನ ಬಸ್ಸಿಗೆ ಪೊಳ್ಳಾಚಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ನಲವತ್ತು ತಿರುವು ಹತ್ತಿ ತೋಟ. ಮೂವತ್ತನೆಯ ತಿರುವಿನ ಹೊತ್ತಿಗೆ ಸೆರಗಿನಲ್ಲಿ ಕಟ್ಟಿದ್ದ ನಿಂಬೆಹಣ್ಣು ಮೂಸುತ್ತ, ಕಣ್ಣು ಮುಚ್ಚಿ ಕೂತಿದ್ದಳು. ಮ್ಯಾನೇಜರು ದಂಡಪಾಣಿ ರಜೆಯ ದಿನವೂ ಬೂಟು ಹಾಕಿಕೊಂಡಿದ್ದರು. ಕೆಟ್ಟವರಲ್ಲ, ಆದರೆ ಕಾಗದದಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನಂಬುವವರು. ಅವರ ಜೊತೆ ಮಾತೆಲ್ಲ ತಮಿಳಿನಲ್ಲೇ ನಡೆಯಿತು.

“ಕಂಪನಿಯ ಎಂಜಿನಿಯರೇ ನೋಡಿ ಆಗಿದೆಯಮ್ಮ,” ಎಂದರು.

“ನೋಡಿರ್ತಾರೆ ಸಾರ್. ನಾನೂ ಒಂದು ಸಲ ನೋಡ್ತೀನಿ.”

ಗ್ಯಾರೇಜಿನಲ್ಲಿ ವ್ಯಾನು ನಿಂತಿತ್ತು. ಹೊರಗೆ ಎಳೆಬಿಸಿಲು. ಜಾನಕಿಯಮ್ಮ ಸೆಟ್ಟಿನ ಹಿಂದಿನ ವೈರು ತೆಗೆದು ಮೀಟರು ಇಟ್ಟಳು, ಹನ್ನೆರಡು ವೋಲ್ಟು. ವೈರು ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದಳು. ದೀಪ ಆರಲಿಲ್ಲ. ಆಸ್ಪತ್ರೆಯಿಂದ ಕಾಂಪೌಂಡರ್ ಸ್ಪಷ್ಟವಾಗಿ ಉತ್ತರ ಕೊಟ್ಟ. ಹತ್ತು ಸಲ ಒತ್ತಿದರೂ ಅಷ್ಟೇ. ಹಿಂದೆ ನಿಂತಿದ್ದ ಮಯಿಲ್‌ಸಾಮಿಯ ಮುಖ ನೋಡಲಾಗುತ್ತಿರಲಿಲ್ಲ. ತಾನೇ ಕನಸು ಕಂಡೆನೇನೋ ಎಂದು ಅವನಿಗೇ ಅನುಮಾನ ಬಂದ ಹಾಗಿತ್ತು.

“ಆಯ್ತಲ್ಲ?” ಎಂದರು ದಂಡಪಾಣಿ.

“ಆಗಿಲ್ಲ ಸಾರ್. ವಂಡಿ ಕೆಟ್ಟದ್ದು ಇಲ್ಲಿ ಅಲ್ಲ, ಇಂಥ ಬಿಸಿಲಲ್ಲೂ ಅಲ್ಲ. ಕವರ್ಕಲ್‌ನ ಮಂಜಲ್ಲಿ. ಅಲ್ಲಿಗೇ ಹೋಗಿ ನೋಡಬೇಕು.”

“ಅವನು ವಂಡಿ ಮುಟ್ಟೋ ಹಾಗಿಲ್ಲ. ಬೇರೆ ಡ್ರೈವರು ಇವತ್ತು ರಜೆ.”

“ನಿಮಗೆ ಓಡಿಸೋಕೆ ಬರುತ್ತಲ್ಲ ಸಾರ್,” ಎಂದಳು ಜಾನಕಿಯಮ್ಮ. “ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಹೊಡೆಯೋ ಕಾಗದಕ್ಕೆ ನಾಳೆ ನೀವು ಸಹಿ ಹಾಕ್ತೀರಿ. ಅದಕ್ಕೆ ಮುಂಚೆ ಒಂದು ಸಲ ಕಣ್ಣಲ್ಲಿ ನೋಡಿಬಿಡಿ.”

ದಂಡಪಾಣಿ ಅವಳನ್ನು ದಿಟ್ಟಿಸಿ ನೋಡಿದರು. ಹೆಂಗಸೊಬ್ಬಳು ಹೀಗೆ ಹೇಳಿದಳೆಂಬ ಸಿಟ್ಟು ಒಂದು ಕಡೆ, ಹೇಳಿದ್ದು ನ್ಯಾಯವೆಂಬ ಮುಜುಗರ ಇನ್ನೊಂದು ಕಡೆ. ಕೊನೆಗೆ ಕೀ ತೆಗೆದುಕೊಂಡು ಸ್ಟೀರಿಂಗಿಗೆ ಕೂತರು. ಮಯಿಲ್‌ಸಾಮಿ ಪಕ್ಕದಲ್ಲಿ ಮೈಕು ಹಿಡಿದು ಕೂತ. ಜಾನಕಿಯಮ್ಮ ಹಿಂದೆ, ರೋಗಿಯನ್ನು ಮಲಗಿಸುವ ಜಾಗದಲ್ಲಿ, ನೆಲದ ಮೇಲೆ ಕಾಲು ಮಡಚಿ ಕೂತು ಮುಂದಿನ ಸೀಟಿನ ಕೆಳಗಿನ ರಬ್ಬರ್ ಹಾಸು ಎತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಕವರ್ಕಲ್‌ನಲ್ಲಿ ಮಂಜು ಇಳಿದಿತ್ತು. ಎದುರಿನ ರಸ್ತೆ ಕಾಣದಷ್ಟು. ದಂಡಪಾಣಿ ವ್ಯಾನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟರು. ಮಯಿಲ್‌ಸಾಮಿ ಗುಂಡಿ ಒತ್ತಿದರೆ ಮೊದಲ ಸಲ ಮಾತು ಆಸ್ಪತ್ರೆ ಮುಟ್ಟಿತು. ಎರಡನೆಯ ಸಲವೂ ಮುಟ್ಟಿತು. ಜಾನಕಿಯಮ್ಮ ಕಾಯೋಣ ಎಂದಳು. ಕಾಲು ಗಂಟೆ, ಅರ್ಧ ಗಂಟೆ. ನೆಲದ ತಗಡು ತಣ್ಣಗಾಗಿ ಬೆವರಿತು. ದಂಡಪಾಣಿ ಎರಡು ಸಲ ಗಡಿಯಾರ ನೋಡಿಕೊಂಡರು, ಮೂರನೆಯ ಸಲ ನೋಡಿ ಬಾಯಿ ತೆರೆಯುವಷ್ಟರಲ್ಲಿ ಜಾನಕಿಯಮ್ಮ, “ಈಗ ಒತ್ತು ತಂಬಿ,” ಎಂದಳು.

ಸೆಟ್ಟಿನ ದೀಪ ಆರಿತು. ಬಂತು. ಆರಿತು. ಒಳಗಿನಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು. ಮಯಿಲ್‌ಸಾಮಿ ಗುಂಡಿಯನ್ನು ಒತ್ತಿಯೇ ಹಿಡಿದಿದ್ದ, ಬಿಟ್ಟಿರಲಿಲ್ಲ. ಅವನ ಹೆಬ್ಬೆರಳು ಒಂದೇ ಕಡೆ ಬಿಗಿದಿದ್ದನ್ನು ದಂಡಪಾಣಿ ನೋಡಿದರು. ಅವನ ಕಣ್ಣಲ್ಲಿ ನೀರು ಬಂದದ್ದನ್ನೂ ನೋಡಿ, ಕಿಟಕಿಯ ಕಡೆ ತಿರುಗಿದರು.

ಜಾನಕಿಯಮ್ಮನಿಗೆ ಖುಷಿಯಾಗಲು ಪುರುಸೊತ್ತಿರಲಿಲ್ಲ. ಸೆಟ್ಟಿನ ಹಿಂದಿನ ವೈರು ತೆಗೆದು ಮೀಟರು ಇಟ್ಟಳು. ಈಗಲೂ ಹನ್ನೆರಡೇ. ಮೀಟರು ಇಟ್ಟವನು ಮೋಸ ಹೋದದ್ದು ಇಲ್ಲೇ. ಮೀಟರು ಕರೆಂಟು ಕುಡಿಯುವುದಿಲ್ಲ, ಬಂದು ಮುಟ್ಟಿದ್ದನ್ನು ಮಾತ್ರ ಹೇಳುತ್ತದೆ. ಕೇಳಿಸಿಕೊಳ್ಳುವಾಗ ಸೆಟ್ಟೂ ಹಾಗೆಯೇ, ಸ್ವಲ್ಪದರಲ್ಲೇ ತೃಪ್ತಿ. ಮಾತಾಡಲು ಗುಂಡಿ ಒತ್ತಿದಾಗ ಅದಕ್ಕೆ ಹತ್ತು ಪಾಲು ಬೇಕು. ಅಷ್ಟನ್ನು ವೈರು ಕೊಡುತ್ತದೆಯೇ ಎಂದು ತಿಳಿಯಬೇಕಾದರೆ ಅಷ್ಟು ಕುಡಿಯುವ ಸಾಮಾನನ್ನೇ ತಗುಲಿಸಬೇಕು. ಅವಳು ಮೀಟರು ಬದಿಗಿಟ್ಟು, ಪೆಟ್ಟಿಗೆಯಿಂದ ಹೆಡ್‌ಲೈಟ್ ಬಲ್ಬು ತೆಗೆದು ಅದೇ ವೈರಿಗೆ ಮುಟ್ಟಿಸಿದಳು. ಕಣ್ಣು ಕುಕ್ಕಬೇಕಾಗಿದ್ದ ಬಲ್ಬು ಬೀಡಿಯ ತುದಿಯಷ್ಟು ಕೆಂಪಗಾಯಿತು, ಅಷ್ಟೇ. ಬ್ಯಾಟರಿಗೇ ನೇರ ಮುಟ್ಟಿಸಿದಳು, ಮಂಜೆಲ್ಲ ಬೆಳ್ಳಗೆ ಹೊಳೆಯಿತು.

“ಬ್ಯಾಟರಿ ಸರಿ ಇದೆ. ಸೆಟ್ಟೂ ಸರಿ ಇದೆ. ನಡುವೆ ಎಲ್ಲೋ ಸಿಕ್ಕಿಕೊಂಡಿದೆ,” ಎಂದಳು. ನಡುವೆ ಇರುವುದು ಅವಳ ವೈರು ಮಾತ್ರ.

ಬಲ್ಬನ್ನು ಹಾಗೆಯೇ ತಗುಲಿಸಿಟ್ಟು, ವೈರಿನ ಮೇಲೆ ಎರಡು ಬೆರಳು ಇಟ್ಟು ಸೆಟ್ಟಿನ ಕಡೆಯಿಂದ ಹಿಂದಕ್ಕೆ ಸವರುತ್ತ ಬಂದಳು. ಹಾಸಿನಲ್ಲಿ ಸಡಿಲಾದ ಎಳೆ ಹುಡುಕುವವರು ಹೀಗೆಯೇ ಸವರುತ್ತಾರೆ, ಕಣ್ಣು ಬೇಕಾಗುವುದಿಲ್ಲ. ತಣ್ಣಗೆ, ತಣ್ಣಗೆ, ತಣ್ಣಗೆ. ಕರೆಂಟು ಸಲೀಸಾಗಿ ಹೋಗುವ ಕಡೆ ವೈರು ತಣ್ಣಗಿರುತ್ತದೆ. ನೆಲದ ತೂತಿನಿಂದ ವೈರು ಒಳಗೆ ಬರುವ ಜಾಗದಲ್ಲಿ, ಟೇಪು ಸುತ್ತಿದ ಕಡೆ, ಬೆರಳಿಗೆ ಬಿಸಿ ಹತ್ತಿತು. ಅವಳು ಬೆರಳು ತೆಗೆಯದೆ ಹಾಗೆಯೇ ಕೂತಳು. ಬೇರೆ ಯಾರದಾದರೂ ಆಗಿರಲಿ ಎಂದು ಒಂದು ಗಳಿಗೆ ಬೇಡಿಕೊಂಡಳು. ಆದರೆ ಆ ಟೇಪು ಸುತ್ತಿದ ಓರೆ ಅವಳ ಕೈಯದೇ.

ಬಲ್ಬು ತೆಗೆದು, ಚಾಕುವಿನಿಂದ ಟೇಪು ಸೀಳಿದಳು. ಜಾಯಿಂಟು ಬಿಚ್ಚಿರಲಿಲ್ಲ. ಎಳೆದು ನೋಡಿದಳು, ಬಿಡಲಿಲ್ಲ. ಎಳೆಗಳ ನಡುವೆ ಮಾತ್ರ ಹಸಿರು ಬೆರೆತ ಕಪ್ಪು ಕೆಸರು ತುಂಬಿತ್ತು. ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿದಳು. ಏಳನೆಯ ವಯಸ್ಸಿನಿಂದ ತಿಳಿದ ಸ್ಪರ್ಶ. ಬೂದಿ.

ಗಣಪತಿಯ ಒಣ ಹವೆಯಲ್ಲಿ ಹದಿನಾರು ವರ್ಷ ಸುಮ್ಮನಿದ್ದ ಬೂದಿ ಇಲ್ಲಿ ಆರು ತಿಂಗಳು ಮಂಜು ಕುಡಿದಿತ್ತು. ತಾಮ್ರವನ್ನು ತಿಂದು, ತೇವಕ್ಕೆ ಉಬ್ಬಿ, ಎಳೆಗಳನ್ನು ಒಂದರಿಂದ ಒಂದು ದೂರ ತಳ್ಳಿತ್ತು. ಬಿಸಿಲು ಬಂದರೆ ಒಣಗಿ, ಎಳೆಗಳು ಹೇಗೋ ಮತ್ತೆ ತಾಗುತ್ತಿದ್ದವು. ನೂಲಿಗೆ ಬೇಕಾದದ್ದು ಬಿಡದ ಹಿಡಿತ, ಅಷ್ಟೇ. ತಾಮ್ರಕ್ಕೆ ಮೈಗೆ ಮೈ ತಾಗಬೇಕು. ಇಷ್ಟು ಸಣ್ಣ ವ್ಯತ್ಯಾಸ ಹದಿನಾರು ವರ್ಷ ಅವಳ ತಲೆಗೆ ಹೊಳೆದಿರಲಿಲ್ಲ, ಜಾಯಿಂಟು ಬಿಚ್ಚಿಕೊಂಡು ಬಾರದ ಜಂಬದಲ್ಲಿ ಹೊಳೆಯಲು ಜಾಗವೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ನೋಡಿಯೇ ಇರದ ಒಂದು ಮಗುವಿನ ನೆನಪು ಬಂತು.

ದಂಡಪಾಣಿ ಬಗ್ಗಿ ನೋಡಿದರು. “ಮಳೆ ನೀರು ಹೋಗಿ ಕಿಲುಬು ಹಿಡಿದಿದೆ,” ಎಂದರು. “ಸರಿ. ಅವನು ಸುಳ್ಳು ಹೇಳಲಿಲ್ಲ, ಒಪ್ತೀನಿ. ಆದ್ರೂ ದಿನಾ ಬೆಳಿಗ್ಗೆ ಸೆಟ್ಟು, ವೈರು ಎಲ್ಲಾ ನೋಡಿ ಸರಿ ಇದೆ ಅಂತ ಪುಸ್ತಕದಲ್ಲಿ ಸಹಿ ಹಾಕಿರೋನು ಅವನೇ. ನೀರು ಹೋಗೋ ತನಕ ಏನು ನೋಡ್ತಿದ್ದ? ಅದು ಅಜಾಗರೂಕತೆಯೇ. ವಿಚಾರಣೆ ನಡೀಲೇಬೇಕು.”

ಪಾಪ, ಮಯಿಲ್‌ಸಾಮಿ ಅಷ್ಟಕ್ಕೇ ತಲೆಬಾಗಿಸಿದ್ದ. ಮಳೆ ಎಂದರೆ ಮುಗಿಯಿತು, ಜಾನಕಿಯಮ್ಮನ ಹೆಸರು ಎಲ್ಲೂ ಬರುವುದಿಲ್ಲ. ಬೂದಿಯ ಗುರುತು ಹಿಡಿಯಬಲ್ಲವರು ಆ ಗುಡ್ಡದಲ್ಲಿ ಅವಳೊಬ್ಬಳೇ. ಗಣಪತಿಯ ಬೋರ್ಡು ಕಣ್ಣ ಮುಂದೆ ಬಂತು, ಗಂಡನ ಮುಖವೂ ಬಂತು. ಅವಳು ಜಾಯಿಂಟನ್ನು ದಂಡಪಾಣಿಯವರ ಕೈಗೇ ಮುಟ್ಟಿಸಿದಳು.

“ಇದು ಮಳೆ ಅಲ್ಲ ಸಾರ್. ಮಳೆಯಾಗಿದ್ರೆ ಟೇಪಿನ ಮೇಲೂ ಗುರುತಿರ್ತಿತ್ತು. ಇದು ಬೂದಿ. ವೈರು ಹೊಸೆಯೋವಾಗ ಬೆರಳಿಗೆ ಬೂದಿ ಹಚ್ಚಿಕೊಳ್ಳೋದು ನನ್ನ ರೂಢಿ. ಬೆಸುಗೆಯೂ ಹಾಕಿಲ್ಲ. ಟೇಪಿನ ಒಳಗೆ ನಾನಿಟ್ಟ ತಪ್ಪು ಇವನಿಗೆ ಹೊರಗಿಂದ ಹೇಗೆ ಕಾಣಬೇಕು? ದಿನಾ ಅಲ್ಲ, ಗಂಟೆಗೊಂದು ಸಲ ನೋಡಿದ್ರೂ ಕಾಣ್ತಿರಲಿಲ್ಲ. ನಿಮ್ಮ ಎಂಜಿನಿಯರಿಗೇ ಕಂಡಿಲ್ಲ.”

“ಏನು ಹೇಳ್ತಿದ್ದೀರಿ ಅಂತ ಗೊತ್ತಾ?” ಎಂದರು ದಂಡಪಾಣಿ.

“ಗೊತ್ತು. ಕಾಗದ ಕೊಡಿ, ಬರೆದು ಸಹಿ ಹಾಕಿಕೊಡ್ತೀನಿ.”

ವ್ಯಾನಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಐದನೆಯ ತರಗತಿಯ ದಪ್ಪ ತಮಿಳು ಅಕ್ಷರಗಳಲ್ಲಿ, ನಡೆದದ್ದನ್ನು ನಡೆದ ಹಾಗೆ ಬರೆದಳು. ಮಂಜಿಗೆ ಕಾಗದ ಮೆತ್ತಗಾಗಿ ಪೆನ್ನು ಎರಡು ಕಡೆ ತೂತು ಮಾಡಿತು. ಆಮೇಲೆ ಹಳೆಯ ಜಾಯಿಂಟು ಕತ್ತರಿಸಿ, ತಾಮ್ರವನ್ನು ಹೊಳೆಯುವ ತನಕ ಕೆರೆದು, ಒಣಬಟ್ಟೆಯಲ್ಲಿ ಕೈ ಒರೆಸಿಕೊಂಡು, ಹಿತ್ತಾಳೆಯ ಸ್ಕ್ರೂ ಕನೆಕ್ಟರು ಹಾಕಿ ಬಿಗಿದಳು. ಮಯಿಲ್‌ಸಾಮಿ ಗುಂಡಿ ಒತ್ತಿದ. ದೀಪ ಅಲುಗಲಿಲ್ಲ. “ಆಸ್ಪತ್ರೆ, ಆಸ್ಪತ್ರೆ, ನಾನು ಮಯಿಲ್‌ಸಾಮಿ,” ಎಂದ. ಅತ್ತ ಕಡೆ ಕಾಂಪೌಂಡರ್, ಕೇಳಿಸ್ತಾ ಇದೆ ಎಂದ.

ತೋಟಕ್ಕೆ ಮರಳಿದಾಗ ದಂಡಪಾಣಿ ಕೀಯನ್ನು ಮಯಿಲ್‌ಸಾಮಿಯ ಕೈಗೆ ಕೊಟ್ಟರು. ವಿಚಾರಣೆ ಇಲ್ಲ, ನಾಳೆಯಿಂದ ವೇಲೆಗೆ ಬಾ ಎಂದರು. ಜಾನಕಿಯಮ್ಮನಿಗೆ ಹೇಳಿದ್ದು ಬೇರೆ. “ನೀವು ನಿಜ ಹೇಳಿದಿರಿ, ಮರ್ಯಾದೆ ಇದೆ. ಆದ್ರೆ ಇನ್ನು ಮುಂದೆ ನಮ್ಮ ಯಾವ ವಂಡಿಯನ್ನೂ ನೀವು ಮುಟ್ಟೋದು ಬೇಡ. ಉಳಿದ ಮೂರನ್ನ ಕಂಪನಿಯವರು ಬಂದು ನೋಡ್ತಾರೆ.”

“ಯಾವಾಗ ಬರ್ತಾರೆ ಸಾರ್?”

“ಬರೆದು ಕಳಿಸ್ತೀನಿ. ಹತ್ತು ದಿನ ಆಗಬಹುದು.”

ಅವಳು ಕೈಮುಗಿದು ಹೊರಗೆ ಬಂದಳು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಮಯಿಲ್‌ಸಾಮಿ ಅವಳ ಕಾಲಿಗೆ ಬೀಳಲು ಬಗ್ಗಿದ, ಅವಳು ಹಿಂದಕ್ಕೆ ಸರಿದಳು.

“ಇದೇನು ಮಾಡ್ತೀಯ ತಮ್ಮಾ? ನಿನ್ನ ಈ ಗತಿಗೆ ತಂದವಳ ಕಾಲಿಗಾ ಬೀಳೋದು?” ಎಂದಳು. “ಏಳನೇ ಲೈನಿಗೆ ದಾರಿ ತೋರಿಸು.”

“ಬೇಡ ಅಕ್ಕಾ. ಅವರ ಮನೆಯಲ್ಲಿ ಯಾರೂ ನನ್ನ ಮುಖ ನೋಡಲ್ಲ. ನಿಮ್ಮ ಏನು ಮಾಡ್ತಾರೋ.”

“ಏನಾದ್ರೂ ಮಾಡ್ಲಿ. ನಿನ್ನ ಮುಖ ನೋಡದೆ ಇರೋದು ಯಾಕೆ ತಪ್ಪು ಅಂತ ನಾನೇ ಹೇಳಬೇಕು. ಬೇರೆ ಯಾರು ಹೇಳಿದ್ರೂ ನಂಬಲ್ಲ.”

ಏಳನೆಯ ಲೈನಿನ ಕೊನೆಯ ಮನೆ. ಕನ್ನಿಯಮ್ಮಾಳ್ ಗೋಡೆಗೊರಗಿ, ಕಂಬಳಿ ಹೊದ್ದು, ಬಾಗಿಲಲ್ಲೇ ಕೂತಿದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಗಂಡ ಸೌದೆಗೆ ಹೋಗಿದ್ದ. ಮಯಿಲ್‌ಸಾಮಿ ಅಂಗಳದಾಚೆಯೇ ನಿಂತ. ಜಾನಕಿಯಮ್ಮ ಹೋಗಿ, ಅವಳೆದುರು ನೆಲದ ಮೇಲೆ ಕೂತು, ತಮಿಳಿನಲ್ಲಿ ತಾನು ಯಾರು, ಎಲ್ಲಿಂದ ಬಂದೆ, ವ್ಯಾನಿನಲ್ಲಿ ತಾನು ಮಾಡಿದ್ದೇನು, ಮಯಿಲ್‌ಸಾಮಿ ಏಳೆಂಟು ಸಲ ಕೇಳಿದರೂ ಅವನ ದನಿ ಆಸ್ಪತ್ರೆ ಮುಟ್ಟದೆ ಹೋದದ್ದು ಯಾಕೆ, ಎಲ್ಲವನ್ನೂ ಹೇಳಿದಳು. ಸಮಾಧಾನದ ಮಾತು ಒಂದನ್ನೂ ಸೇರಿಸಲಿಲ್ಲ. ಸೇರಿಸುವ ಹಕ್ಕು ತನಗಿಲ್ಲವೆಂದು ಅವಳಿಗೆ ಅನಿಸಿತ್ತು.

ಕನ್ನಿಯಮ್ಮಾಳ್ ಅಂಗಳದಾಚೆ ನಿಂತವನನ್ನು ಒಂದು ಸಲ ನೋಡಿದಳು. ಆಮೇಲೆ ಜಾನಕಿಯಮ್ಮನ ಕೈಗಳನ್ನು ನೋಡಿದಳು.

“ಜೀಪುಗಳಿಗೂ, ಲಾರಿಗೂ ವೈರು ಹಾಕಿದ್ದು ನೀವೇನಾ?” ಎಂದು ಕೇಳಿದಳು.

“ನಾನೇ.”

“ಅದರಲ್ಲೂ ಹೀಗೇನಾ?”

“ಹೀಗೇ. ಮೂರರಲ್ಲೂ. ಕಂಪನಿಯವರು ಹತ್ತು ದಿನದಲ್ಲಿ ಬಂದು ಸರಿ ಮಾಡ್ತಾರಂತೆ. ನಾನು ಮುಟ್ಟಬಾರದು ಅಂತ ಮ್ಯಾನೇಜರು ಹೇಳಿದ್ದಾರೆ.”

“ಮೂರನೇ ಲೈನಿನ ಕನ್ನಿಯಮ್ಮಾಳ್‌ಗೆ ಈ ವಾರ ದಿನ ತುಂಬುತ್ತೆ,” ಎಂದಳು ಅವಳು. “ವ್ಯಾನು ಕೆಳಗೆ ಹೋಗಿದ್ರೆ ಜೀಪೇ ಬರೋದು. ನೀವು ಇಲ್ಲಿ ಯಾಕೆ ಕೂತಿದ್ದೀರಿ?”

ಕನ್ನಿಯಮ್ಮಾಳ್ ಗೋಡೆ ಹಿಡಿದು ಮೆಲ್ಲಗೆ ಎದ್ದಳು. ಏಳಬಾರದೆಂದು ಮಯಿಲ್‌ಸಾಮಿ ಹತ್ತಿರ ಓಡಿ ಬಂದ. ಅವಳು ಅವನನ್ನು ತಡೆಯಲಿಲ್ಲ, ಅವನ ತೋಳನ್ನೇ ಹಿಡಿದುಕೊಂಡು ಮೆಟ್ಟಿಲಿಳಿದಳು.

“ಬನ್ನಿ,” ಎಂದಳು. “ಗ್ಯಾರೇಜಿನ ತನಕ ನಾನೂ ಬರ್ತೀನಿ. ಬೇಡ ಅನ್ನೋದಿದ್ರೆ ಮ್ಯಾನೇಜರು ನನ್ನ ಮುಖ ನೋಡಿ ಹೇಳಲಿ.”

ಜಾನಕಿಯಮ್ಮ ಪೆಟ್ಟಿಗೆ ಎತ್ತಿಕೊಂಡಳು. ಬಸ್ಸು ತಪ್ಪುತ್ತದೆಂದು ಅವಳಿಗೆ ಗೊತ್ತಿತ್ತು.